ಸಹಾಯ ಬೇಕು: ಸೈಕಲ್ ಚೈನಿಗೆ ಯಾವ ಎಣ್ಣೆ?

ನಮಸ್ಕಾರ. ಮಂಡ್ಯದ ಬಳಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ ದಿನವೂ ಗೇರ್ ಸೈಕಲ್ ಓಡಿಸುತ್ತೇನೆ. ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಚೈನಿನ ಎಣ್ಣೆಗೆ ಅಂಟಿ, ಕೊಂಡಿಗಳ ನಡುವೆ ಕಪ್ಪು ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಪೆಡಲ್ ತುಳಿದರೆ ಕರಕರ ಸದ್ದು. ಅಂಗಡಿಯವರು ಬೈಕಿನ ಹಳೆಯ ಎಂಜಿನ್ ಆಯಿಲ್ ಸಾಕು ಎನ್ನುತ್ತಾರೆ. ದಯವಿಟ್ಟು ಆ ಸಲಹೆಯೊಂದು ಬೇಡ! ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ಬಹಳ ದಿನ ನಿಲ್ಲುವುದಿಲ್ಲ. ಮೇಣದ ಡ್ರೈ ಲ್ಯೂಬ್ (ಹಚ್ಚಿದ ಮೇಲೆ ಒಣಗುವ ಚೈನ್ ಲೇಪ) ಧೂಳಿಗೆ ಒಳ್ಳೆಯದು, ಮಳೆಗೆ ತೊಳೆದುಹೋಗುತ್ತದೆ. ವೆಟ್ ಲ್ಯೂಬ್ (ಒಣಗದೆ ಜಿಡ್ಡಾಗಿಯೇ ಉಳಿಯುವ ಚೈನ್ ಎಣ್ಣೆ) ಮಳೆಗೆ ಜಗ್ಗುವುದಿಲ್ಲ, ಧೂಳನ್ನು ಮಾತ್ರ ಬಾಚಿಕೊಳ್ಳುತ್ತದೆ. ಬೇಸಿಗೆಗೊಂದು, ಮುಂಗಾರಿಗೊಂದು ಇಟ್ಟುಕೊಳ್ಳಬೇಕೇ? ಬದಲಿಸುವಾಗ ಹಳೆಯ ಎಣ್ಣೆಯನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿದರೆ ಸಾಕೇ? ಈ ಕಡೆಯ ಮಣ್ಣುರಸ್ತೆಯಲ್ಲಿ ಓಡಿಸುವವರು ಬ್ರ್ಯಾಂಡ್ ಹೆಸರು, ಬೆಲೆ, ಮಂಡ್ಯ ಅಥವಾ ಮೈಸೂರಿನಲ್ಲಿ ಸಿಗುವ ಅಂಗಡಿ ತಿಳಿಸಿದರೆ ಉಪಕಾರವಾಗುತ್ತದೆ.