ಟೆಕ್ಸಾಸ್: ಎಫ್-1 (ವಿದ್ಯಾರ್ಥಿ) ವೀಸಾದ ಹುಡುಗನ ಮೇಲೆ ಕಳವಿನ ಕೇಸ್. "ಕ್ಲಾಸ್ ಎ" ಅಂದರೆ ಏನು?

ಪ್ಲೇನೋ_ಕನ್ನಡಿಗ:
ಎಂ.ಎಸ್. ಓದೋಕೆ ಬಂದು ಎರಡು ವರ್ಷವಾದ ಹುಡುಗ. ಅಂಗಡಿಯಿಂದ 780 ಡಾಲರ್ ಸಾಮಾನು ಬಿಲ್ ಮಾಡಿಸದೆ ತಂದ ಅಂತ ಕೇಸಾಗಿದೆ, ಬಾಂಡ್ ಮೇಲೆ ಹೊರಗಿದ್ದಾನೆ. ಕಾಗದದಲ್ಲಿ "ಥೆಫ್ಟ್, 750ರಿಂದ 2,500, ಕ್ಲಾಸ್ ಎ ಮಿಸ್‌ಡಿಮೀನರ್" ಅಂತಿದೆ. ತಪ್ಪೊಪ್ಪಿ ದಂಡ ಕಟ್ಟಿದರೆ ಮುಗೀತು ಅಂತಾರೆ ರೂಮ್‌ಮೇಟ್‌ಗಳು. ನಿಜವಾ?

ಕೋರ್ಟ್_ಕಟ್ಟೆ:
ರೂಮ್‌ಮೇಟ್‌ಗಳ ಮಾತು ಬಿಡಿ. ಮಿಸ್‌ಡಿಮೀನರ್ ಅಂದರೆ ಚಿಕ್ಕ ಅಪರಾಧ, ಫೆಲನಿ ಅಂದರೆ ಗಂಭೀರ ಅಪರಾಧ. ಟೆಕ್ಸಾಸ್‌ನಲ್ಲಿ ಕಳವಿನ ದರ್ಜೆ ನಿಲ್ಲೋದು ಮಾಲಿನ ಬೆಲೆ ಮೇಲೆ. 100 ಡಾಲರ್‌ ಒಳಗೆ ಕ್ಲಾಸ್ ಸಿ: 500ರವರೆಗೆ ದಂಡ ಮಾತ್ರ. 100ರಿಂದ 750ರೊಳಗೆ ಕ್ಲಾಸ್ ಬಿ: ಕೌಂಟಿ ಜೈಲು 180 ದಿನದವರೆಗೆ, ದಂಡ 2,000ದವರೆಗೆ. 750ರಿಂದ 2,500ರೊಳಗೆ ಕ್ಲಾಸ್ ಎ: ಒಂದು ವರ್ಷ, 4,000. ಅದರ ಮೇಲೆ 30,000ದೊಳಗೆ ಸ್ಟೇಟ್ ಜೈಲ್ ಫೆಲನಿ, 180 ದಿನದಿಂದ 2 ವರ್ಷ. ಮಿಸ್‌ಡಿಮೀನರ್‌ಗೆ ಹೇಳಿದ್ದೆಲ್ಲ ಗರಿಷ್ಠ ಮಿತಿ. ಮೊದಲ ಸಲದವರಿಗೆ ಅಷ್ಟೂ ಬೀಳೋದು ಅಪರೂಪ.

ನಿಮ್ಮ ಕೇಸ್ ಗೆರೆಯಿಂದ ಬರೀ 30 ಡಾಲರ್ ಮೇಲಿದೆ. ಲೆಕ್ಕಕ್ಕೆ ಬರೋದು ಆ ದಿನದ, ಆ ಜಾಗದ ಮಾರುಕಟ್ಟೆ ಬೆಲೆ. ಅಂಗಡಿ ಬರೆದ ಪಟ್ಟಿಯಲ್ಲಿ ಟ್ಯಾಗಿನ ಬೆಲೆ ಇದ್ದು, ಅದೇ ಸಾಮಾನು ಅವತ್ತು ಸೇಲ್‌ನಲ್ಲಿದ್ದರೆ ಕ್ಲಾಸ್ ಬಿಗೆ ಇಳಿಸೋಕೆ ವಕೀಲರಿಗೆ ದಾರಿಯಿದೆ. ಪೊಲೀಸರು ಬರೆದದ್ದೇ ಕೊನೆಯ ಚಾರ್ಜ್ ಅಲ್ಲ. ಅಂತಿಮವಾಗಿ ಹಾಕೋದು ಪ್ರಾಸಿಕ್ಯೂಟರ್ ಕಚೇರಿ.

ವೀಸಾ_ವಿಚಾರ:
ಆ 30 ಡಾಲರ್‌ಗೆ ಜೈಲಿಗಿಂತ ದೊಡ್ಡ ಅರ್ಥವಿದೆ. ಕಳವನ್ನು ವಲಸೆ ಕಾನೂನು ಸಾಮಾನ್ಯವಾಗಿ ನೈತಿಕ ಅಧಃಪತನದ ಅಪರಾಧ ಅಂತ ನೋಡುತ್ತೆ. ದೇಶಕ್ಕೆ ಬಂದ ಐದು ವರ್ಷದೊಳಗೆ ಅಂಥದ್ದು ನಡೆದು ಕನ್ವಿಕ್ಷನ್ (ಅಪರಾಧ ಸಾಬೀತು) ಆಗಿ, ಅದಕ್ಕೆ ಒಂದು ವರ್ಷ ಶಿಕ್ಷೆ *ಕೊಡಬಹುದು* ಅಂತಿದ್ದರೆ ಗಡೀಪಾರಿಗೆ ಆಧಾರವಾಗುತ್ತೆ. ನಿಜವಾಗಿ ಒಂದು ದಿನವೂ ಒಳಗೆ ಕೂರಬೇಕಿಲ್ಲ. ಕ್ಲಾಸ್ ಎ ಆ ಗೆರೆ ಮುಟ್ಟುತ್ತೆ, ಕ್ಲಾಸ್ ಬಿ ಮುಟ್ಟಲ್ಲ.

ಪ್ಲೇನೋ_ಕನ್ನಡಿಗ:
ಪ್ರೊಬೇಷನ್ ಥರ "ಡಿಫರ್ಡ್ ಅಡ್ಜುಡಿಕೇಷನ್" (ತೀರ್ಪು ತಡೆಹಿಡಿದು ಷರತ್ತಿನ ಮೇಲೆ ಬಿಡೋದು) ಕೊಡಿಸ್ತೀನಿ, ಶಿಕ್ಷೆಯಾದಂತೆ ಆಗಲ್ಲ ಅಂತಿದಾರೆ ಒಬ್ಬ ವಕೀಲರು?

ವೀಸಾ_ವಿಚಾರ:
ರಾಜ್ಯದ ಕಣ್ಣಿಗೆ ಆಗಲ್ಲ, ವಲಸೆ ಇಲಾಖೆಯ ಕಣ್ಣಿಗೆ ಆಗುತ್ತೆ. ತಪ್ಪೊಪ್ಪಿಗೆ ಅಥವಾ "ನೋ ಕಾಂಟೆಸ್ಟ್" (ಒಪ್ಪಲ್ಲ, ಆದರೆ ವಾದವನ್ನೂ ಮಾಡಲ್ಲ) ಹೇಳಿ, ಜಡ್ಜ್ ಒಂದಿಷ್ಟು ಷರತ್ತು ಹಾಕಿದರೆ ಸಾಕು, ಅಲ್ಲಿ ಅದು ಕನ್ವಿಕ್ಷನ್. ನಮ್ಮವರು ಎಡವೋದೇ ಇಲ್ಲಿ. ಕೇಳಬೇಕಾದ್ದು ಪ್ರೀಟ್ರಯಲ್ ಡೈವರ್ಷನ್ (ವಿಚಾರಣೆಗೆ ಮೊದಲೇ ಷರತ್ತು ಮುಗಿಸಿ ಕೇಸ್ ಕೈಬಿಡಿಸೋ ಏರ್ಪಾಡು), ಅದೂ ಕೋರ್ಟ್ ಮುಂದೆ ತಪ್ಪೊಪ್ಪದೆ, ಬರಹದಲ್ಲೂ ಒಪ್ಪದೆ. ಕೌಂಟಿಯಿಂದ ಕೌಂಟಿಗೆ ಇದರ ನಿಯಮ ಬೇರೆ, ಸಹಿ ಮಾಡೋ ಕಾಗದವನ್ನು ವಲಸೆ ವಕೀಲರು ಮೊದಲು ಓದಲಿ. ಒಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಕ್ರಿಮಿನಲ್ ವಕೀಲರು ಹೇಳಲೇಬೇಕು ಅಂತ ಅಮೆರಿಕ ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪೂ ಇದೆ.

ಕೋರ್ಟ್_ಕಟ್ಟೆ:
ಇನ್ನೊಂದು: ಕ್ಲಾಸ್ ಸಿ ಟಿಕೆಟ್‌ಗೆ ಇಳಿಸಿಕೊಟ್ಟರೂ ಆನ್‌ಲೈನಲ್ಲಿ ದುಡ್ಡು ಕಟ್ಟಿಬಿಡಬೇಡಿ. ಕಟ್ಟೋದೇ "ನೋ ಕಾಂಟೆಸ್ಟ್" ಹೇಳಿದಂತೆ. ತಾರೀಖು ತಪ್ಪಿಸಿದರೆ ಬಾಂಡ್ ಹೋಗುತ್ತೆ, ವಾರಂಟ್ ಬರುತ್ತೆ. ಕೇಸ್ ವಜಾ ಆದರೂ ಬಂಧನದ ದಾಖಲೆ ತಾನಾಗಿ ಅಳಿಯಲ್ಲ, ಎಕ್ಸ್‌ಪಂಕ್ಷನ್‌ಗೆ ಬೇರೆ ಅರ್ಜಿ ಹಾಕಬೇಕು. ಆದರೆ ಅದಕ್ಕೆ ಮುಂಚೆ ಕೋರ್ಟಿನಿಂದ ಸರ್ಟಿಫೈಡ್ ಪ್ರತಿ ಎರಡು ಮೂರು ತೆಗೆದಿಡಿ. ವೀಸಾ ಅರ್ಜಿಯಲ್ಲಿ ಬಂಧನದ ಪ್ರಶ್ನೆ ಆಮೇಲೂ ಇರುತ್ತೆ, ತೋರಿಸೋಕೆ ಕಾಗದ ಬೇಕಲ್ಲ.