ಅಪ್‌ಡೇಟ್: ಕುಂಡದ ನಿಂಬೆ ಗಿಡದ ಹಳದಿ ಎಲೆ ಸರಿ ಹೋಯ್ತು (ಕೋಲಾರ, ಬೋರ್ ನೀರು)

ಶಿವರಾತ್ರಿ ಹೊತ್ತಿಗೆ ಕೇಳಿದ್ನಲ್ಲ, ಟೆರೇಸ್ ಮೇಲಿರೋ ನಿಂಬೆ ಗಿಡದ ಹೊಸ ಎಲೆಯೆಲ್ಲಾ ಹಳದಿ, ನರ ಮಾತ್ರ ಹಸಿರು, ಹೂವೂ ಉದುರ್ತಿದೆ ಅಂತ. ಈಗ ಚಿಗುರು ಕಡು ಹಸಿರಾಗಿ ಬರ್ತಿದೆ, ತುಂಬಾ ಖುಷಿ ಆಗಿದೆ!

ಕೆಲಸ ಮಾಡಿದ್ದು ಚಿಲೇಟೆಡ್ ಐರನ್ (ಬೇರಿಗೆ ಸುಲಭವಾಗಿ ಸಿಗೋ ಹಾಗೆ ಮಾಡಿರೋ ಕಬ್ಬಿಣದ ಗೊಬ್ಬರ), ಅದನ್ನ ಹೇಳಿದ ಅಣ್ಣಂಗೆ ದೊಡ್ಡ ಥ್ಯಾಂಕ್ಸ್. ನಮ್ಮ ಕಡೆ ಬೋರ್ ನೀರು ಗಡಸು ಅಲ್ವಾ, ಬಿಂದಿಗೆಯಲ್ಲೇ ಬಿಳಿ ಕರೆ ಕಟ್ಟುತ್ತೆ, ಅದನ್ನೇ ಹಾಕ್ತಾ ಹಾಕ್ತಾ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರುತ್ತೆ, ಆಗ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ. ತಗೊಳೋವಾಗ ಪ್ಯಾಕೆಟ್ ಮೇಲೆ ಇಡಿಡಿಎಚ್ಎ (EDDHA, ಕಬ್ಬಿಣವನ್ನ ಹಿಡಿದಿಡೋ ವಸ್ತು) ಅಂತ ಇದ್ಯಾ ನೋಡಿ, ಅದೇ ಥರದ ಇನ್ನೊಂದು ವಸ್ತು ಇಡಿಟಿಎ (EDTA) ಇರೋದು ಪಿಎಚ್ 6.5 ದಾಟಿದ ಮಣ್ಣಲ್ಲಿ ಅಷ್ಟು ನಿಲ್ಲಲ್ಲ. ಪ್ಯಾಕೆಟ್ಟಲ್ಲಿ ಬರೆದಿರೋ ಅಳತೆಗೆ ನೀರಲ್ಲಿ ಕಲಸಿ ಸಾಯಂಕಾಲ ಬುಡಕ್ಕೆ ಹಾಕಿದೆ. ಹಳೇ ಹಳದಿ ಎಲೆ ಅಷ್ಟಾಗಿ ತಿರುಗ್ಲಿಲ್ಲ, ಹೊಸ ಚಿಗುರು ನೋಡಿನೇ ಗೊತ್ತಾಗಿದ್ದು.

ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಇರೋ ಉಪ್ಪು) ಇಂದ ಏನೂ ಆಗ್ಲಿಲ್ಲ. ಮೆಗ್ನೀಷಿಯಂ ಕಮ್ಮಿ ಆದ್ರೆ ಹಳೇ ಎಲೆ ಮೊದಲು ಹಳದಿ ಆಗೋದು, ಕಬ್ಬಿಣ ಕಮ್ಮಿ ಆದ್ರೆ ಚಿಗುರು, ಇಷ್ಟು ನೋಡ್ಕೊಂಡ್ರೆ ಸುಮ್ನೆ ದುಡ್ಡು ಹಾಕೋದು ತಪ್ಪುತ್ತೆ. ಸಗಣಿ ಗೊಬ್ಬರ ಒಳ್ಳೇದೇ, ಆದ್ರೆ ಈ ಹಳದಿಗೆ ಅದೊಂದೇ ಸಾಲ್ದು.

ಆಶ್ಚರ್ಯ ಅನ್ಸಿದ್ದು ಹೂವಿನ ವಿಷಯ. ನಿಂಬೆ ಜಾತಿ ಗಿಡದಲ್ಲಿ ಬಿಟ್ಟ ಹೂವಲ್ಲಿ ಬಹುಪಾಲು ತಾನಾಗೇ ಉದುರುತ್ತಂತೆ, ಅದು ರೋಗ ಅಲ್ಲ. ಈಗ ಬಟಾಣಿ ಗಾತ್ರದ ಕಾಯಿ ಕೆಲವು ನಿಂತಿವೆ. ಮಳೆ ಶುರುವಾದ್ಮೇಲೆ ಡ್ರಮ್ಮಲ್ಲಿ ನೀರು ಹಿಡಿದು ಅದನ್ನೇ ಹಾಕ್ತೀನಿ.