ಸಹಾಯ ಬೇಕು: ಮೋಟರ್ ಲೆಕ್ಕ ಯಾಕೆ ಕೂಡುತ್ತಿಲ್ಲ?

ಎಲ್ಲರಿಗೂ ನಮಸ್ಕಾರ್ರಿ. ನಾವಿರೋದು ಗದಗದಲ್ಲಿ. ನಮ್ಮ ನೀರು ಕಾಯಿಸುವ ರಾಡ್ ಮೇಲೆ 1500 ವ್ಯಾಟ್ ಎಂದಿದೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಕ್ಲಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) 5.4 ಆಂಪಿಯರ್ ತೋರಿಸಿತು. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರಾಡ್‌ನ ರೋಧ ಸುಮಾರು 35 ಓಮ್, ಎರಡನ್ನೂ ಗುಣಿಸಿದರೆ 1026 ವ್ಯಾಟ್. ನೀರು ಕಾಯಲು ಜಾಸ್ತಿ ಹೊತ್ತು ಯಾಕೆ ಅಂತ ಆಗ ತಿಳಿಯಿತು. ಅವ್ವ ಸುಮ್ನೆ ರಾಡ್‌ಗೆ ಬೈಯುತ್ತಿದ್ದಳು!

ಆದರೆ ನೀರೆತ್ತುವ ಮೋಟರ್‌ಗೆ ಇದೇ ಲೆಕ್ಕ ಕೂಡುತ್ತಿಲ್ಲ. 230 ವೋಲ್ಟ್, 5 ಆಂಪಿಯರ್. ಅಂದರೆ 46 ಓಮ್ ಇರಬೇಕು, ಅಲ್ವಾ? ಪ್ಲಗ್ ಕಿತ್ತು ಮಲ್ಟಿಮೀಟರ್ ಹಚ್ಚಿದರೆ ಬರೀ 4 ಓಮ್! ವೋಲ್ಟ್, ಆಂಪಿಯರ್ ಗುಣಿಸಿದರೆ 1150 ವ್ಯಾಟ್, ಪ್ಲೇಟ್ ಮೇಲೆ ಮಾತ್ರ 1 ಎಚ್‌ಪಿ, ಅಂದರೆ 746 ವ್ಯಾಟ್. ಮೋಟರ್‌ಗೆ ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನೋದು) ಕೂಡ ಗುಣಿಸಬೇಕು ಅಂತಾರೆ. ಅದನ್ನು ಮನೆಯಲ್ಲೇ ಅಳೆಯುವುದು ಹೇಗೆ? ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಸುಟ್ಟಿಲ್ಲ ತಾನೇ?